ತೂಗದೆ ಬರೆದ ತೂಕ

ಶಿವಪ್ಪಣ್ಣನಿಗೆ ಬರೆಯಲು ಬರುತ್ತಿರಲಿಲ್ಲ. ಆ ಕಂಪನಿಯಲ್ಲಿ ಅದು ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ, ಸುಳ್ಳು ತೂಕಗಳನ್ನು ಬರೆದವನು ಅವನೇ ಎಂದು ನಾನು ಹೇಳಿದೆ. ಬರೆದವಳು ನಾನು.

ಪೂಜಾ, ಕಿರಣ — ಇದನ್ನು ನಿಮ್ಮ ಎದುರು ಕೂತು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಆಗಲಿಲ್ಲ. ನಮ್ಮಜ್ಜಿ ಭಾಳ ನಾಚಿಕೆಯವಳು ಎಂದು ನೀವು ನಗುತ್ತೀರಿ. ಆ ನಾಚಿಕೆಯ ಮರೆಯಲ್ಲಿ ಇಪ್ಪತ್ತೈದು ವರ್ಷ ನಾನು ಏನನ್ನು ಬಚ್ಚಿಟ್ಟೆ ಎಂಬುದು ನಿಮಗೆ ತಿಳಿಯಬೇಕು.

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಬೆಂಕಿ ಆರಿಸುವ ಸಿಲಿಂಡರುಗಳ ಕಂಪನಿಗೆ ಸೇರಿದೆ. ಗೋವಾದಲ್ಲಿ ನಾವಿದ್ದ ಸಡಾದ ಗುಡ್ಡ ಇಳಿದರೆ ಬಂದರಿನ ರಸ್ತೆಯಲ್ಲಿ ಅದರ ಶೆಡ್ಡು. ಹೋಟೆಲು, ಶಾಲೆ, ಗೋದಾಮುಗಳ ಗೋಡೆಗೆ ಹಾಕಿದ ಕೆಂಪು ಸಿಲಿಂಡರುಗಳು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದವು. ಹೊರಗಿನಿಂದ ನೋಡಲು ಎಲ್ಲವೂ ಒಂದೇ. ಒಳಗೆ ಗ್ಯಾಸು ಇದೆಯೋ, ಸೋರಿ ಹೋಗಿದೆಯೋ — ತೂಗಿದರೆ ಮಾತ್ರ ತಿಳಿಯುತ್ತದೆ. ನಾನು ತೂಗುತ್ತಿದ್ದೆ, ಕಡಿಮೆ ಬಂದದ್ದನ್ನು ಶಿವಪ್ಪಣ್ಣ ತುಂಬುತ್ತಿದ್ದ. ಆಮೇಲೆ ತೂಕವನ್ನು ಚೀಟಿಯಲ್ಲಿ ಬರೆದು ಸಿಲಿಂಡರಿನ ಕೊರಳಿಗೆ ಕಟ್ಟುವುದು ನನ್ನ ಕೆಲಸ. ಹಳ್ಳಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೆ, ಅಕ್ಷರಗಳು ದುಂಡಗಿದ್ದವು.

ಶಿವಪ್ಪಣ್ಣ ಸಿಂದಗಿ ಕಡೆಯವನು. ಓದು ಬರಹ ಬರುತ್ತದೆ ಎಂದು ಸುಳ್ಳು ಹೇಳಿ ಕೆಲಸಕ್ಕೆ ಸೇರಿದ್ದ. ಯಾವುದಾದರೂ ಕಾಗದ ಕೈಗೆ ಬಂದರೆ ಮೆಲ್ಲಗೆ ನನ್ನ ಹತ್ತಿರ ಬರುತ್ತಿದ್ದ.

“ತಂಗೆವ್ವಾ, ಚಸ್ಮಾ ಮನ್ಯಾಗ ಉಳದೈತಿ. ಇದೊಂದ ಓದಿ ಹೇಳು.”

“ಅಣ್ಣಾ, ನಿನಗ ಚಸ್ಮಾ ಐತೇನು?”

“ಇಲ್ಲ. ಅದಕ್ಕ ಮನ್ಯಾಗ ಉಳದೈತಿ.”

ನಾನು ಓದುತ್ತಿದ್ದೆ. ಅವನು ಹಾಜರಿ ಪುಸ್ತಕದಲ್ಲಿ ಗೀಚುವ ಸಹಿಯನ್ನೂ ನಾನೇ ಕಲಿಸಿದ್ದೆ. ಅಷ್ಟು ನಂಬಿದ್ದ ನನ್ನನ್ನು.

ಒಂದು ಮಳೆಗಾಲ ತೂಗುವ ಕಾಟಾ ಕೆಟ್ಟಿತು. ಏನಿಟ್ಟರೂ ಮುಳ್ಳು ಅರ್ಧಕ್ಕೇ ನಿಲ್ಲುತ್ತಿತ್ತು. ಮ್ಯಾನೇಜರಿಗೆ ಹೇಳಬೇಕಿತ್ತು. ಅವರು ಕೊಂಕಣಿಯಲ್ಲಿ ಜೋರಾಗಿ ಮಾತಾಡುವವರು, ನಾನು ಹಿಂದಿಯಲ್ಲೂ ತಡವರಿಸುವವಳು. ನಾಳೆ ಹೇಳಿದರಾಯಿತು, ನಾಳೆ… ಅಷ್ಟರಲ್ಲಿ ಕಳಿಸಬೇಕಾದ ಸಿಲಿಂಡರುಗಳು ಸಾಲುಗಟ್ಟಿದವು. ನಾನು ಹಿಂದಿನ ವರ್ಷದ ಪುಸ್ತಕ ತೆಗೆದು, ಅದರಲ್ಲಿದ್ದ ತೂಕಗಳನ್ನೇ ಹೊಸ ಚೀಟಿಗಳಿಗೆ ಇಳಿಸಿದೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಒಂದು ದಿನ ಅಲ್ಲ — ಎರಡು ತಿಂಗಳು.

“ಈ ವರ್ಷ ಗೋವಾದಾಗ ಗ್ಯಾಸ ಸೋರೂದ ನಿಂತೈತಿ ನೋಡು, ನನಗ ಕೆಲಸನ ಇಲ್ಲ” ಎಂದು ಶಿವಪ್ಪಣ್ಣ ನಕ್ಕ. ಆಮೇಲೊಂದು ದಿನ ಕಾಟಾದ ಮುಳ್ಳು ನೋಡಿದವನು ನಗಲಿಲ್ಲ. “ಬಾಯಿ ತಗದು ಹೇಳಬೇಕವಾ. ಸಿಲಿಂಡರಿಗೆ ಬಾಯಿ ಐತೇನು?” ಎಂದು ತಾನೇ ಹೋಗಿ ಮ್ಯಾನೇಜರಿಗೆ ಹೇಳಿದ. ಕಾಟಾ ರಿಪೇರಿಯಾಯಿತು. ಕಟ್ಟಿ ಕಳಿಸಿದ, ಇನ್ನೂ ಸಾಲಿನಲ್ಲೇ ಇದ್ದ ಸುಳ್ಳು ಚೀಟಿಗಳ ಬಗ್ಗೆ ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಮರುವಾರವೇ ತಪಾಸಣೆಯ ಸಾಹೇಬರು ಬಂದರು. ಅವರು ಕಂಪನಿಯವರಲ್ಲ, ಸರ್ಕಾರದವರೂ ಅಲ್ಲ. ಇಂಥ ಕಂಪನಿಗಳು ಹೇಳಿದಂತೆ ಕೆಲಸ ಮಾಡುತ್ತಿವೆಯೇ ಎಂದು ನೋಡಿ ಸರ್ಟಿಫಿಕೇಟು ಕೊಡುವ ಬೇರೊಂದು ಸಂಸ್ಥೆಯವರು. ಆ ಕಾಗದವಿಲ್ಲದಿದ್ದರೆ ಬಂದರಿನವರೂ ಹೋಟೆಲಿನವರೂ ನಮಗೆ ಕೆಲಸ ಕೊಡುತ್ತಿರಲಿಲ್ಲ. ಬೆಳಗ್ಗೆಯೆಲ್ಲ ಆಫೀಸಿನಲ್ಲಿ ಕಡತ ನೋಡಿ, ಊಟಕ್ಕೆ ಮೊದಲು ಶೆಡ್ಡಿಗೆ ಬಂದರು. ಕಳಿಸಲು ಸಿದ್ಧವಾಗಿ ನಿಂತಿದ್ದ ಸಾಲಿನಿಂದ ಒಂದನ್ನು ತೋರಿಸಿ, “ಇದನ್ನ ಕಾಟಾದ ಮ್ಯಾಲ ಇಡ್ರಿ” ಎಂದರು.

ಕನ್ನಡ ಕೇಳಿ ನಾನು ಕಾಟಾದಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಮೊದಲನೆಯದು ಸರಿ ಇತ್ತು. ಎರಡನೆಯದೂ. ಮೂರನೆಯದನ್ನು ಶಿವಪ್ಪಣ್ಣ ಎತ್ತಿದ — ಎತ್ತುವಾಗಲೇ ಅವನ ಮುಖ ಬದಲಾಯಿತು. ಎಷ್ಟು ಹಗುರವಿತ್ತೆಂದು ಅವನ ಕೈಗೆ ಗೊತ್ತಾಗಿತ್ತು. ಮುಳ್ಳು ಸ್ವಲ್ಪ ಏರಿ ನಿಂತಿತು. ಚೀಟಿಯಲ್ಲಿ ತುಂಬು ತೂಕವಿತ್ತು. ಸಾಹೇಬರು ಚೀಟಿಯನ್ನು ಬೆಳಕಿಗೆ ಹಿಡಿದರು. ಅವಸರದಲ್ಲಿ ನನಗೆ ಒಂದು ಅಭ್ಯಾಸ — ಇಂಗ್ಲಿಷ್ ಅಂಕಿಗಳ ನಡುವೆ ಐದು ಮಾತ್ರ ಕನ್ನಡದ್ದು ಬೀಳುತ್ತಿತ್ತು. ಅಲ್ಲಿ ಅದು ಬಿದ್ದಿತ್ತು.

“ಇದು ನಮ್ಮ ಕಡೆ ಸಾಲಿ ಕಲತವ್ರ ಕೈ” ಎಂದರು. “ಇಲ್ಲಿ ಕನ್ನಡದವ್ರು ಯಾರ್ರಿ?”

ಮ್ಯಾನೇಜರು ನಮ್ಮಿಬ್ಬರನ್ನೂ ತೋರಿಸಿದರು. “ಕಿತೆಂ ಜಾಲೆಂ?” ಎಂದು, ಏನಾಯಿತೆಂದು ತಿಳಿಯದೆ, ಅವರು ಮತ್ತೆ ಮತ್ತೆ ಕೇಳುತ್ತಿದ್ದರು.

“ಹೆದರಬ್ಯಾಡ್ರಿ” ಎಂದರು ಸಾಹೇಬರು, ನನ್ನನ್ನೇ ನೋಡಿ. “ಯಾರನ್ನೂ ಹಿಡಿಯಾಕ ಬಂದಿಲ್ಲ ನಾ. ತಪ್ಪು ಹೆಂಗಾತು ಅಂತ ತಿಳೀಬೇಕು, ಅಷ್ಟ. ಯಾರು ಬರದದ್ದು?”

ಅಷ್ಟು ಮೆತ್ತಗೆ ಕೇಳಿದ್ದರು. ಕಾಟಾ ಕೆಟ್ಟಿತ್ತು, ಹೇಳಲು ಹೆದರಿದೆ ಎಂದಿದ್ದರೆ ಮುಗಿಯುತ್ತಿತ್ತೇನೋ. ನನ್ನ ಬಾಯಿಂದ ಬಂದದ್ದು —

“ಶಿವಪ್ಪಣ್ಣ ಬರೀತಾನ್ರಿ.”

ಅವನು ನನ್ನ ಕಡೆ ತಿರುಗಿದ. ಬರೆಯಲು ಬರುವುದಿಲ್ಲ ಎಂದರೆ ಮೊದಲಿನ ಸುಳ್ಳು ಹೊರಬಿದ್ದು ಕೆಲಸ ಹೋಗುತ್ತದೆ; ಬರೆದೆ ಎಂದರೂ ಹೋಗುತ್ತದೆ. ಚೀಟಿ ಯಾರು ಬರೆಯುತ್ತಾರೆಂದು ಮ್ಯಾನೇಜರು ಎಂದೂ ವಿಚಾರಿಸಿದವರಲ್ಲ, ಅವನು ಅಲ್ಲಗಳೆಯಲಾರ ಎಂದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಅವನ ಹೆಸರು ಹೇಳಿದೆ. ಗಾಬರಿಯಲ್ಲಿ ಬಾಯ್ತಪ್ಪಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇಲ್ಲ. ಆ ಒಂದು ಗಳಿಗೆಯಲ್ಲಿ ನಾನು ಲೆಕ್ಕ ಹಾಕಿಯೇ ಆಡಿದ ಮಾತು ಅದು.

“ಹೌದ್ರಿ, ನಾನ” ಎಂದ ಶಿವಪ್ಪಣ್ಣ.

ಎಷ್ಟು ದಿನ ಹೀಗೆ ತೂಗದೆ ಬರೆದಿರಿ ಎಂದು ಸಾಹೇಬರು ಕೇಳಿದರು. ಪಾಪ, ಕಾಟಾ ಯಾವಾಗಿಂದ ಕೆಟ್ಟಿತ್ತೆಂದು ಅವನಿಗೇನು ಗೊತ್ತು? “ಹೋದ ವಾರದಾಗಿಂದ ಇರಬೇಕ್ರಿ” ಎಂದ. ಆ ವಾರದ ಸಿಲಿಂಡರುಗಳನ್ನು ವಾಪಸು ತರಿಸಿ ತೂಗಿಸಿದರು. ಉಳಿದ ಎರಡು ತಿಂಗಳ ಮಾತನ್ನು ಬಲ್ಲವಳು ನಾನೊಬ್ಬಳೇ. ತಲೆ ತಗ್ಗಿಸಿ ನಿಂತಿದ್ದೆ. ನಾಚಿಕೆಯ ಹೆಣ್ಣುಮಗಳು, ಗಾಬರಿಯಾಗಿದ್ದಾಳೆ ಎಂದುಕೊಂಡಿರಬೇಕು ಅವರು.

ತಪ್ಪು ಮಾಡಿದ ಆಳನ್ನು ತೆಗೆದಿದ್ದೇವೆ ಎಂದು ಕಂಪನಿ ಬರೆದು ಕೊಟ್ಟಿತು. ಸರ್ಟಿಫಿಕೇಟು ಉಳಿಯಿತು. ಶಿವಪ್ಪಣ್ಣ ಡಬ್ಬಿ ಚೀಲ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ನಿಂತು, “ಬರ್ತೀನಿ ತಂಗೆವ್ವಾ” ಎಂದ. ನಾನು ಮುಂದಿನ ಸಿಲಿಂಡರನ್ನು ಕಾಟಾದ ಕಡೆ ಎಳೆದೆ.

ಆ ಎರಡು ತಿಂಗಳಲ್ಲಿ ಹೋದ ಸಿಲಿಂಡರುಗಳಲ್ಲಿ ನಾಲ್ಕು ನಿಮ್ಮ ಅಮ್ಮ ಓದುತ್ತಿದ್ದ ಶಾಲೆಯವು. ವರ್ಷವೆಲ್ಲ ದಿನಾ ಬೆಳಗ್ಗೆ ಅವಳ ಜಡೆ ಹೆಣೆದು ಆ ಶಾಲೆಗೆ ಕಳಿಸಿದೆ. ಅಗ್ನಿಶಾಮಕ ದಳದ ಗಾಡಿಯ ಗಂಟೆ ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ರಸ್ತೆಗೆ ಓಡುತ್ತಿದ್ದೆ. ಓಡುತ್ತಿದ್ದೆ, ಹೇಳುತ್ತಿರಲಿಲ್ಲ. ಮುಂದಿನ ವರ್ಷ ಅವು ತಪಾಸಣೆಗೆ ಮರಳಿ ಬಂದಾಗ ನಾನೇ ತೂಗಿದೆ. ಎರಡರಲ್ಲಿ ಏನೂ ಇರಲಿಲ್ಲ.

ಬೆಂಕಿ ಬೀಳಲಿಲ್ಲ. ಅದು ನನ್ನ ಪುಣ್ಯವೂ ಅಲ್ಲ, ನನ್ನ ಪಾಪಕ್ಕೆ ಮಾಫಿಯೂ ಅಲ್ಲ.

ಆಮೇಲೆ ಒಂದನ್ನೂ ತೂಗದೆ ಬಿಡಲಿಲ್ಲ ನಾನು. ಕೆಲಸ ಬಿಡುವಾಗ ಶಾಲು ಹೊದಿಸಿ, ಭಾಳ ಪ್ರಾಮಾಣಿಕ ಎಂದರು. ಆ ಫೋಟೋವನ್ನು ಬಂದವರಿಗೆಲ್ಲ ನೀವು ತೋರಿಸುವಾಗ ನಾನು ಒಳಗೆ ಹೋಗುವುದು ನಾಚಿಕೆಯಿಂದಲ್ಲ.

ಹೋದ ತಿಂಗಳು ಓಣಿಯ ಮದುವೆಯಲ್ಲಿ ಶಿವಪ್ಪಣ್ಣನ ಮಗ ಸಿಕ್ಕ. ಕುಡಚಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಾನಂತೆ. ಅಪ್ಪ ಈಗ ಅಲ್ಲೇ ತನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ, ಮಾತು ಸರಿ ಇದೆ ಎಂದ. ಆಮೇಲೆ ಹತ್ತಿರ ಬಂದು ಕೂತ.

“ಅತ್ತಿ, ಒಂದ ಮಾತ ಕೇಳ್ತೀನಿ. ಸುಳ್ಳ ಬರದ ಅಂತ ಕೆಲಸದಿಂದ ತಗದ್ರಲ್ಲ — ನಮ್ಮಪ್ಪಗ ಬರಿಯಾಕ ಬರೂದಿಲ್ಲ. ಮತ್ತ ಬರದವ್ರು ಯಾರು? ಅಪ್ಪನ್ನ ಕೇಳಿದ್ರ, ಹಳೇದ ಬಿಡೋ ಅಂತಾನ.”

ಅಂದರೆ ಇಷ್ಟು ವರ್ಷ ಅವನು ಮನೆಯಲ್ಲೂ ನನ್ನ ಹೆಸರು ಹೇಳಿರಲಿಲ್ಲ.

“ನನಗೇನ ಗೊತ್ತಪಾ” ಎಂದೆ ನಾನು. ಈ ವಯಸ್ಸಿನಲ್ಲಿ, ಮತ್ತೊಮ್ಮೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಗೂ ಒಂದು ಕಾಗದ ಹಾಕಿದ್ದೇನೆ — ಆ ಹಳೆಯ ಕಡತ ಇದೆಯೋ ಇಲ್ಲವೋ ತಿಳಿಯದು, ಇದ್ದರೆ ಅದರಲ್ಲಿ ಶಿವಪ್ಪನ ಹೆಸರು ಹೊಡೆದು ನನ್ನದು ಬರೆಯಿರಿ ಎಂದು. ಬರುವ ಭಾನುವಾರ ಕುಡಚಡೆಗೆ ಹೋಗುತ್ತೇನೆ. ಶಿವಪ್ಪಣ್ಣನ ಎದುರು, ಅವನ ಮಗನ ಎದುರು ಹೇಳುತ್ತೇನೆ. ನೀವಿಬ್ಬರೂ ನನ್ನ ಜೊತೆ ಬನ್ನಿ. ಅಂಗಳದಲ್ಲಿ ನಿಲ್ಲಬೇಡಿ, ಒಳಗೆ ಬಂದು ಕೇಳಿಸಿಕೊಳ್ಳಿ. ಆ ಹುಡುಗ ಏನು ಬೇಕಾದರೂ ಅನ್ನಲಿ. ಅಜ್ಜಿಗೆ ವಯಸ್ಸಾಗಿದೆ, ಬಿಡಿ ಎಂದು ಮಾತ್ರ ನೀವು ನಡುವೆ ಬರಬೇಡಿ.