ಹಿಂದಿನ ಸಿಂಹದ ಕಾಲಿನ ಗೆರೆ

ಮಂಜಿನಲ್ಲಿ ಧಮೇಕ್ ಸ್ತೂಪ ಇನ್ನೂ ಮಸುಕಾಗಿದೆ. ಸಾರನಾಥದ ವಸ್ತುಸಂಗ್ರಹಾಲಯದ ಪಕ್ಕದ ಬಾಗಿಲಿನಿಂದ ಒಳಬಂದ ಇಮರತಿ ದೇವಿ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಜೇಡರ ಬಲೆ ತೆಗೆಯುವ ಉದ್ದನೆಯ ಬಿದಿರಿನ ಗಳುವಿನ ತುದಿಗೆ ಹಳೆ ಸೀರೆಯ ತುಂಡನ್ನು ಮೂರು ಸುತ್ತು ಸುತ್ತಿ ಗಂಟು ಹಾಕುತ್ತಾರೆ. ಗಂಟನ್ನು ಎರಡು ಸಲ ಎಳೆದು ನೋಡುತ್ತಾರೆ. ಕಳೆದ ತಿಂಗಳವರೆಗೆ ಒಂದೇ ಸಲ ಎಳೆಯುತ್ತಿದ್ದರು.

ಒಳಗೆ, ದೇಶದ ಲಾಂಛನವಾದ, ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಕಲ್ಲಿನ ಸಿಂಹಗಳು. ಇಮರತಿಯವರ ಪಾಲಿನ ಕೆಲಸ ನೆಲ, ಕಟಕಟೆ, ಹಿಂದಿನ ಗೋಡೆ. ಕಲ್ಲನ್ನು ಮುಟ್ಟುವಂತಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಬೆರಳೂ ತಾಗಿಸಿಲ್ಲ.

"ನಾಣ್ಯದ ಮೇಲೆ ಕಾಣೋದು ಮೂರೇ. ನಾಲ್ಕನೇದು ಗೋಡೆ ನೋಡ್ಕೊಂಡು ನಿಂತಿರತ್ತೆ. ಬಂದವರೆಲ್ಲ ಮುಂದೆ ನಿಂತು ಕೈಮುಗಿದು ಹೋಗ್ತಾರೆ. ಅದನ್ನ ದಿನಾ ಮಾತಾಡಿಸೋಳು ನಾನೊಬ್ಬಳೇ" ಎನ್ನುತ್ತಾರೆ.

ಗಂಡ ಸ್ತೂಪದ ಆವರಣದ ಬಾಗಿಲಲ್ಲಿ ತಾವರೆ ಮಾರುತ್ತಿದ್ದರು. ಅವರು ತೀರಿದ ಮೇಲೆ ಇಮರತಿ ಈ ಕೆಲಸಕ್ಕೆ ಸೇರಿದರು. ವರ್ಷವರ್ಷವೂ ಹೊಸದಾಗಿ ಕೊಡುವ ಕೆಲಸ. ಒಂದು ದೂರು ಬಂದರೆ ಮುಂದಿನ ವರ್ಷವಿಲ್ಲ. ಅತ್ತೆ, ಮಗಳು, ತಾವು, ಮೂರು ಹೊಟ್ಟೆ ಇದರಲ್ಲೇ ತುಂಬಬೇಕು.

ಕಳೆದ ತಿಂಗಳ ಒಂದು ಶುಕ್ರವಾರ, ರಜೆಯ ದಿನ, ಗೋಡೆ ಗುಡಿಸಿ ಗಳು ಇಳಿಸಿದಾಗ ತುದಿಯ ಬಟ್ಟೆ ನೆಲಕ್ಕೆ ಬಿದ್ದಿತ್ತು. ತಲೆಯೆತ್ತಿದರೆ ಹಿಂದಿನ ಸಿಂಹದ ಮುಂಗಾಲಲ್ಲಿ ಕೂದಲೆಳೆಯಂಥ ಗೆರೆ. ನಿನ್ನೆಯವರೆಗೆ ಅಲ್ಲಿರಲಿಲ್ಲ.

ಕಾವಲುಗಾರ ಲಲ್ಲನ್ ಬಂದು ನೋಡಿದರು. "ಬಾಯಿ ಮುಚ್ಕೊಂಡಿರಿ, ಅತ್ತಿಗೆ. ಮುಂದಿನ ಮೂರನ್ನೇ ಜನ ಸರಿಯಾಗಿ ನೋಡಲ್ಲ, ಹಿಂದಿನದರ ಕಾಲು ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲಪ್ಪ, ದಿನಾ" ಎಂದು ಇಮರತಿ ನೇರ ಅಧಿಕಾರಿ ಸುಚೇತಾ ಮೇಡಂ ಕೋಣೆಗೆ ಹೋಗಿ, ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ನನ್ನ ಗಳು ತಾಗಿರಬೇಕು, ಮೇಡಂ."

ಮೂರು ದಿನ ಇಮರತಿ ತಮ್ಮ ಪಾಲಿನ ರೊಟ್ಟಿಯನ್ನು ಮಗಳ ತಟ್ಟೆಗೆ ಹಾಕಿದರು. ನಾಲ್ಕನೆಯ ದಿನ ಮೇಡಂ ಕರೆಸಿದರು. ಮೇಜಿನ ಮೇಲೆ ಸಿಂಹಗಳು ಮಣ್ಣಿನಿಂದ ಮೇಲೆ ಬಂದ ಕಾಲದ ಹಳೆಯ ಫೋಟೊ, ಪಕ್ಕದಲ್ಲಿ ಭೂತಗನ್ನಡಿ. ಅದೇ ಕಾಲು, ಅದೇ ಗೆರೆ. "ಇದು ನಿಮ್ಮ ಅಜ್ಜಿಗಿಂತ ಹಳೇದು, ಇಮರತಿ. ಹೋಗಿ ಊಟ ಮಾಡಿ."

ಹಾಗಾದರೆ ಇಷ್ಟು ವರ್ಷ ಕಾಣಲಿಲ್ಲವೇಕೆ? ಗೆರೆ ಕಂಡ ಹಿಂದಿನ ದಿನ, ಗುರುವಾರ ಸಂಜೆ, ಎಲೆಕ್ಟ್ರಿಷಿಯನ್ ಹಿಂದಿನ ಮೂಲೆಯಲ್ಲಿ, ಹೇಗಿರುತ್ತದೆ ನೋಡೋಣವೆಂದು, ಓರೆಯಾಗಿ ಒಂದು ದೀಪ ಹಾಕಿ ಹೋಗಿದ್ದರು. ನೇರ ಬಿದ್ದ ಬೆಳಕು ಸಣ್ಣ ತಗ್ಗನ್ನು ಮುಚ್ಚಿಬಿಡುತ್ತದೆ. ಓರೆಯಾಗಿ ಬಿದ್ದರೆ ಅದರ ನೆರಳನ್ನೂ ತೋರಿಸುತ್ತದೆ.

"ಮೇಡಂ ಹಾಗಂದಾಗ ಪಕ್ಕದಲ್ಲೇ ಕುರ್ಚಿ ಇತ್ತು, ಆದ್ರೆ ನೆಲದ ಮೇಲೇ ಕೂತುಬಿಟ್ಟೆ" ಎಂದು ಇಮರತಿ ನಗುತ್ತಾರೆ. ಅಂದು ಲಲ್ಲನ್‌ಗೆ ಇಮರತಿಯವರೇ ಮಾಡಿದ ಲಿಟ್ಟಿ-ಚೋಖಾ, ಕೆಂಡದಲ್ಲಿ ಸುಟ್ಟ ಹಿಟ್ಟಿನುಂಡೆ ಮತ್ತು ಬದನೆಕಾಯಿ ಗೊಜ್ಜಿನ ಊಟ. "ಮತ್ತೊಂದು ಗೆರೆ ಹುಡುಕಿ ಅತ್ತಿಗೆ, ಹೊಟ್ಟೆ ಹಸೀತಿದೆ" ಎಂದು ಅವರು ಈಗಲೂ ಕೆಣಕುತ್ತಾರೆ.

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಇಮರತಿ ಗಳುವಿನ ಬಟ್ಟೆ ಬಿಚ್ಚಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಅವರಿಗೊಂದು ಆಸೆಯಿದೆ.

"ಆ ದೀಪ ತೆಗೀತಾರಂತೆ. ತೆಗೀಬೇಡಿ ಅಂತ ನಿಮ್ಮ ಪೇಪರಲ್ಲಿ ಬರೀರಿ. ಆ ನಾಲ್ಕನೇದು ಎಷ್ಟು ಚೆಂದ ಇದೆ ಅಂತ ನನಗೂ ಈಗಲೇ ಗೊತ್ತಾಗಿದ್ದು."