ಖಾಲಾ ಕಟ್ಟದ ಮಣಿ

ಕಳೆದ ತಿಂಗಳು ನಮ್ಮ ಯಜಮಾನರು ಒಂದು ಸಾಣೆ ಯಂತ್ರ ತರಿಸಿದರು. ಸ್ವಿಚ್ ಹಾಕಿದರೆ, ನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿದ ಕಲ್ಲು ನಿಧಾನವಾಗಿ ತಿರುಗುತ್ತದೆ. ಚಾಕು, ಕತ್ತರಿ, ಈಳಿಗೆಮಣೆಯ ಅಲಗು ಎಲ್ಲವನ್ನೂ ಮನೆಯಲ್ಲೇ ಹರಿತ ಮಾಡಿಕೊಳ್ಳಬಹುದು. ನಿವೃತ್ತರಾದ ಮೇಲೆ ಅವರಿಗೆ ಇಂಥದ್ದರದೇ ಹುಚ್ಚು. ಮೊದಲ ಚಾಕು ಕಲ್ಲಿಗೆ ತಾಗಿದಾಗ ಒದ್ದೆ ಕಲ್ಲು, ಉಕ್ಕು ಎರಡೂ ಬೆರೆತ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಸೀದುಹೋಯಿತು. ಬೈದುಕೊಂಡೆ, ಅವರನ್ನಲ್ಲ, ನನ್ನನ್ನೇ.

ಅದು ಖಾಲಾ ಮನೆಯ ವಾಸನೆ...

ಚನ್ನಪಟ್ಟಣದಲ್ಲಿ ನಮ್ಮ ತವರುಮನೆಗೆ ಅಂಟಿಕೊಂಡಂತೆ ಅವರ ಮನೆ. ಅವರ ತಂಗಿಯ ಮಕ್ಕಳು ಖಾಲಾ ಎನ್ನುತ್ತಿದ್ದರು, ಹಾಗಾಗಿ ನಮಗೂ ಖಾಲಾ. ಗೊಂಬೆ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ, ರಾಮನಗರದಲ್ಲಿ ಮಗಳ ಮನೆ ಸೇರಿ ಹಂಗಿನಲ್ಲಿ ಉಣ್ಣಲು ಒಪ್ಪದೆ, ಬೀದಿಯ ಗೊಂಬೆ ಕೆಲಸದವರ ಉಳಿಗಳಿಗೆಲ್ಲ ಸಾಣೆ ಹಿಡಿದು ಬದುಕುತ್ತಿದ್ದರು. ಹಳೆಯ ಹೊಲಿಗೆ ಯಂತ್ರದ ಪೆಡಲಿಗೆ ಕಲ್ಲು ಜೋಡಿಸಿಕೊಂಡಿದ್ದರು. ಕೆಳಗೆ ನೀರಿನ ಬೋಗುಣಿ. ತುಳಿಯುತ್ತ, ಗೊಣಗುತ್ತ, ಒಂದು ಉಳಿಗೆ ಅರ್ಧ ಗಂಟೆ. ಆತುರಪಟ್ಟವರಿಗೆ ಎದ್ದು ಹೋಗಿ ಬಾ ಎನ್ನುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಸಾಣೆ ಮುಗಿದ ಮೇಲೆ ಗಂಡನ ಮರ ಕಡೆಯುವ ಚಿಕ್ಕ ಲೇತಿನಲ್ಲಿ ಅದೇ ಉಳಿಯಿಂದ ಹಾಲೆ ಮರದ ತುಂಡಿನಲ್ಲಿ ಒಂದು ಮಣಿ ಕಡೆಯುತ್ತಿದ್ದರು. ಬಣ್ಣದ ಅರಗು ಹಚ್ಚದೆಯೂ ಮಣಿ ಹೊಳೆದರೆ ಉಳಿ ಸರಿಯಾಗಿದೆ ಎಂದರ್ಥ. ಆ ಮಣಿಯನ್ನು ಕೆಂಪು ದಾರದಲ್ಲಿ ಹಿಡಿಗೆ ಕಟ್ಟಿ ಕೊಡುತ್ತಿದ್ದರು. ಮಣಿಯಿದ್ದ ಉಳಿಯನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ, ನೇರ ಮರಕ್ಕೆ ಇಡುತ್ತಿದ್ದರು. ಮತ್ತೆ ಸಾಣೆಗೆ ಕೊಡುವಾಗ ಬಿಚ್ಚಿಟ್ಟ ಹಳೆಯ ಮಣಿಗಳು ನಮ್ಮ ಮನೆಯಲ್ಲೇ ಒಂದು ಡಬ್ಬಿ ತುಂಬ ಇದ್ದವು.

ಆಗ ನನಗೆ ಇಪ್ಪತ್ತೆರಡು. ನಮ್ಮದೂ ಗೊಂಬೆ ಕೆಲಸವೇ. ಅಪ್ಪ ತೀರಿಕೊಂಡಿದ್ದರು, ಲೋಹ ಉಜ್ಜುವ ಹಳೆಯ ಅರಗಳನ್ನು ಕುಲುಮೆಯಲ್ಲಿ ಬಡಿಸಿ ಅವರು ಮಾಡಿಸಿದ್ದ ನಾಲ್ಕು ಉಳಿಗಳು ಅಣ್ಣನ ಪಾಲಿಗೆ ದೇವರಿದ್ದಂತೆ. ಹಟ ಹಿಡಿದು ನಾನೂ ಲೇತಿಗೆ ಕೂತಿದ್ದೆ. "ಒಂದು ಸಾಮಾನು ಕೆಡಿಸುದ್ರೂ ಒಲೆ ಮುಂದಕ್ಕೆ ಹೋಗ್ತೀಯ, ನೋಡ್ಕೋ" ಎಂದು ಅಣ್ಣ ಮೊದಲೇ ಹೇಳಿದ್ದ. ಅವನು ಹೇಳಿದರೆ ಮಾಡುವವನೇ.

ಮರ ತರಲು ಮಾಗಡಿ ಕಡೆಗೆ ಹೊರಟ ಅಣ್ಣ, ಬರುವಷ್ಟರಲ್ಲಿ ಉಳಿಗಳಿಗೆ ಸಾಣೆ ಹಿಡಿಸಿಡು ಎಂದ. ದೊಡ್ಡ ಆರ್ಡರ್ ಕೈಯಲ್ಲಿತ್ತು. ಖಾಲಾ ಎರಡು ದಿನ ಬಿಟ್ಟು ಬಾ ಎಂದರು. ನನಗೋ ನನ್ನ ಜಾಣತನ ತೋರಿಸುವ ಚಪಲ. ಹಿಂದಿನ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಕರೆಂಟಿನ ಗ್ರೈಂಡರ್ ಖಾಲಿ ಇತ್ತು. ನೀರಿಲ್ಲದ ಒಣ ಕಲ್ಲು. ಕಿಡಿ ಹಾರಿಸುತ್ತ ಹತ್ತೇ ನಿಮಿಷದಲ್ಲಿ ನಾಲ್ಕನ್ನೂ ಉಜ್ಜಿ ತಂದೆ. ಮನೆಗೆ ಬಂದು ನೋಡಿದರೆ ಅಂಚುಗಳೆಲ್ಲ ನೀಲಿ. ಕಾವು ಹತ್ತಿ ಉಕ್ಕಿನ ಹದ ಹೋಗಿತ್ತು. ಉಪ್ಪುಕಾಗದದಲ್ಲಿ ತಿಕ್ಕಿ ನೀಲಿ ತೆಗೆದು, ಏನೂ ಗೊತ್ತಿಲ್ಲದವಳಂತೆ ಖಾಲಾಗೆ ಕೊಟ್ಟುಬಂದೆ.

ಬಣ್ಣ ಹೋದರೆ ತಪ್ಪೂ ಹೋಯಿತೆಂದುಕೊಂಡ ದಡ್ಡಿ ನಾನು. ಉಳಿ ಕಲ್ಲಿಗೆ ಮುಟ್ಟಿದಾಗಲೇ ಅವರಿಗೆ ತಿಳಿದಿತ್ತು.

"ಬೇಟಿ, ಇವು ನಾಲ್ಕೂ ಬೆಂಕಿ ತಿಂದವೆ" ಎಂದರು ವಾಪಸು ಕೊಡುವಾಗ. "ನಾನು ಮಣಿ ಕಟ್ಟಿಲ್ಲ. ಅಣ್ಣಂಗೆ ಹೇಳು, ಕುಲುಮೆಗೆ ಹಾಕ್ಸಿ ಹದ ಮಾಡುಸ್ಲಿ. ಹೇಳ್ದೆ ಇದ್ಬುಡ್ಬ್ಯಾಡ."

ಹೂಂ ಎಂದೆ. ಮನೆಗೆ ಬಂದೆ. ಡಬ್ಬಿಯಿಂದ ನಾಲ್ಕು ಹಳೆಯ ಮಣಿ ತೆಗೆದೆ, ದಾರದಲ್ಲಿ ಪೋಣಿಸಿ ಹಿಡಿಗಳಿಗೆ ಕಟ್ಟಿದೆ.

ಮಣಿ ನೋಡಿದ ಅಣ್ಣ ಹಿಂದೆಮುಂದೆ ನೋಡಲಿಲ್ಲ. ಉಳಿ ಮರ ಕಡೆಯುವ ಬದಲು ಕಿತ್ತಿತು. ಅಂಚು ಮಡಚಿಕೊಂಡಿತು, ತರಿತರಿ ಮರಕ್ಕೆ ಅರಗು ಹಿಡಿಯಲಿಲ್ಲ. ಗಡುವು ಹತ್ತಿರ ಬಂದಿದ್ದರಿಂದ ಹಾಗೇ ಕಳಿಸಿದ. ಸರಕು ಪೂರ್ತಿ ವಾಪಸು ಬಂತು. ಉಳಿಗಳನ್ನು ಹಿಡಿದು ಬೀದಿಗಿಳಿದ ಅಣ್ಣ, ಖಾಲಾ ಬಾಗಿಲಲ್ಲಿ ನಿಂತು ಕೂಗಾಡಿದ. ಜನ ಸೇರಿದರು.

"ನಮ್ಮಪ್ಪನ ಉಳಿ ತಿಂದಾಕ್ಬುಟ್ರಲ್ಲ ಖಾಲಾ. ಇದು ನಿಮ್ ಮಣಿ ಹೌದೋ ಅಲ್ವೋ?"

ಖಾಲಾ ಮಣಿಗಳನ್ನು ಅಂಗೈಯಲ್ಲಿಟ್ಟು ನೋಡಿದರು. ಅಣ್ಣನ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಮಣಿ ನಂದೇ" ಎಂದರು.

ಅದು ಸುಳ್ಳೂ ಆಗಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಉಳಿ ಕಳಿಸುವುದು ನಿಲ್ಲಿಸಿದರು. ಕಣ್ಣು ಮಂಜಾಗಿದೆ, ಕೈ ತಪ್ಪುತ್ತಿದೆ ಎಂದು ಅವರವರೇ ಮಾತಾಡಿಕೊಂಡರು. ನಾನೂ ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತ ಕೇಳಿಸಿಕೊಂಡೆ. ವರ್ಷ ತುಂಬುವುದರೊಳಗೆ ಖಾಲಾ ಮನೆಗೆ ಬೀಗ ಬಿತ್ತು. ಯಾವ ಮನೆಯ ಹಂಗು ಬೇಡ ಎಂದಿದ್ದರೋ ಅದೇ ಮನೆಗೆ, ಮಗಳ ಜೊತೆ ಹೋದರು. ನಾನು ಮದುವೆಯಾಗುವವರೆಗೂ ಲೇತಿನ ಮುಂದೆ ಕೂತೇ ಇದ್ದೆ. ನಾಚಿಕೆಗೇಡಿ.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ಧೈರ್ಯ ಮಾಡಿ ರಾಮನಗರಕ್ಕೆ ಹೋದೆ. ರೇಷ್ಮೆ ಬಿಚ್ಚುವ ಮನೆ, ಬೆಂದ ಗೂಡಿನ ನಾತ. ಮೂಲೆಯ ಮಂಚದಲ್ಲಿ ಖಾಲಾ. ಕಾಲ ಹತ್ತಿರ ಕೂತು ಎಲ್ಲ ಹೇಳಿದೆ.

"ಅಣ್ಣಂಗೆ ಹೇಳ್ದ್ಯಾ?" ಎಂದು ಕೇಳಿದರು.

ಇಲ್ಲ ಎಂದೆ.

"ಮತ್ತೆ ನಂಗ್ಯಾಕೆ ಹೇಳ್ತೀಯ? ನಂಗೆ ಗೊತ್ತಿದ್ದಿದ್ದೇ. ಇವತ್ತು ಬತ್ತಾಳೆ, ನಾಳೆ ಬತ್ತಾಳೆ, ಅಣ್ಣನ್ನ ಕರ್ಕೊಂಡು ಬತ್ತಾಳೆ ಅಂತ ಒಂದು ತಿಂಗ್ಳು ಬಾಗ್ಲು ತೆಕ್ಕೊಂಡು ಕೂತಿದ್ದೆ."

ಚಹಾ ಕೊಡಿಸಿದರು. ಕುಡಿದು ಬಂದೆ. ಆಗಲೂ ಅಣ್ಣನಿಗೆ ಹೇಳಲಿಲ್ಲ. ಖಾಲಾ ತೀರಿಹೋದ ಸುದ್ದಿ ಬಂದದ್ದು ಐದು ವರ್ಷದ ಹಿಂದೆ.

ಮೊನ್ನೆ ಭಾನುವಾರ ಅಣ್ಣ ಬಂದಿದ್ದ. ಈಗ ಅವನಿಗೂ ಅರವತ್ತು ದಾಟಿದೆ. ಯಜಮಾನರು ಉತ್ಸಾಹದಿಂದ ಯಂತ್ರ ತೋರಿಸುತ್ತಿದ್ದರು. ನೋಡುತ್ತ ನಿಂತವನು, "ನಮ್ ಬೀದೀಲಿ ಒಬ್ಳು ಮುದ್ಕಿ ಇದ್ಳು ಭಾವ, ನಮ್ಮಪ್ಪನ ಉಳಿಗಳ್ನೆಲ್ಲ ಕೆಡ್ಸಾಕ್ಬುಟ್ಳು" ಎಂದ. ನನ್ನ ಬಾಯಿಂದ ತಾನಾಗಿ ಬಂತು: "ಅವರಲ್ಲ ಅಣ್ಣ, ಕೆಡಿಸಿದ್ದು ನಾನು." ಗ್ರೈಂಡರ್, ಡಬ್ಬಿಯ ಮಣಿ, ಒಂದೂ ಬಿಡದೆ ಹೇಳಿದೆ. ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ.

ಅವನು ನಕ್ಕುಬಿಟ್ಟ. "ಹೌದಾ? ಅವತ್ತೇ ಹೇಳಿದ್ರೆ ಕುಲುಮೆಗೆ ಹಾಕುಸ್ತಿದ್ನಲ್ಲ ಕಣವ್ವ. ಒಂದಿನದ ಕೆಲ್ಸ. ಬುಡು ಅತ್ಲಾಗೆ, ಯಾವ ಕಾಲದ್ದೋ. ಒಸಿ ಕಾಫಿ ಕೊಡು."

ಕಾಫಿ ಕೊಟ್ಟೆ. ಮೂವತ್ತು ವರ್ಷ ನಾನು ಹೆದರಿದ್ದು ಇಷ್ಟಕ್ಕೆ. ಖಾಲಾ ಊರು ಬಿಟ್ಟದ್ದೂ ಇಷ್ಟಕ್ಕೇ.