ಗೊರಗೊರ ನಿಂತ ಮೇಲೆ

ಫ್ರಿಜ್ ರಿಪೇರಿ ಮಾಡುವ ತಮ್ಮನಿಗೆ ಅಣ್ಣ ಫೋನ್ ಮಾಡುತ್ತಿದ್ದುದು ಬೈಯುವುದಕ್ಕೆ ಮಾತ್ರ. "ಏನೋ, ನಿನ್ನ ಡಬ್ಬಾ ಮತ್ತೆ ಶುರು ಹಚ್ಕೊಂಡಿದೆ! ಒಂದಕ್ಷರ ಕೇಳಿಸ್ತಿಲ್ಲ. ಆಫ್ ಮಾಡೋ ಅದನ್ನ!" ಇಷ್ಟು ಹೇಳಿ ಫೋನ್ ಇಟ್ಟುಬಿಡುತ್ತಿದ್ದ.

ಡಬ್ಬಾ ಎಂದರೆ ರಿಪೀಟರ್. ಹವ್ಯಾಸಿ ರೇಡಿಯೋದವರ ಕೈಸೆಟ್ಟಿನ ಸಣ್ಣ ದನಿಯನ್ನು ಹಿಡಿದು, ಗುಡ್ಡದ ಟವರಿನಿಂದ ಊರಾಚೆಗೂ ಕೇಳುವಂತೆ ಮತ್ತೆ ಬಿಡುವ ಯಂತ್ರ. ಮೊದಲು ಅಲ್ಲಿ ಇದ್ದದ್ದು ಒಂದೇ, ಕ್ಲಬ್ಬೂ ಒಂದೇ. ಅಧ್ಯಕ್ಷಗಿರಿಗೆ ಅಣ್ಣ ನಿಂತ ದಿನ ತಮ್ಮ ಕೈ ಎತ್ತಿದ್ದು ಎದುರಾಳಿಗೆ. ಅಣ್ಣನ ಸಿಡುಕು ಮನೆಗೇ ಸಾಕು, ಕ್ಲಬ್ಬಿಗೆ ಬೇಡ ಅಂತ ಅವನ ಲೆಕ್ಕಾಚಾರ. ಲೆಕ್ಕ ತಪ್ಪೇನಲ್ಲ ಬಿಡಿ. ಆದರೆ ಒಡಹುಟ್ಟಿದವನೇ ನಾಲ್ಕು ಜನರೆದುರು ಹಾಗೆ ಮಾಡಿದರೆ ಯಾರಿಗೆ ತಡೆದೀತು? ಅಣ್ಣ ಎದ್ದು ಹೋದ, ಬೇರೆ ಕ್ಲಬ್ ಕಟ್ಟಿದ, ಹಠಕ್ಕೆ ಬಿದ್ದು ಅದೇ ಟವರಿನಲ್ಲಿ ತನ್ನದೂ ಒಂದು ರಿಪೀಟರ್ ಇಟ್ಟ.

ಅಂದಿನಿಂದ ಎರಡರಲ್ಲೂ ಗೊರಗೊರ. ತಮ್ಮ ನೋಡಿಕೊಳ್ಳುತ್ತಿದ್ದ ಹಳೆಯದನ್ನು ಆಫ್ ಮಾಡಿದರೆ ಮಾಯ. "ನೋಡಿದ್ಯಾ?" ಎನ್ನುತ್ತಿದ್ದ ಅಣ್ಣ. ಅಣ್ಣನದನ್ನು ಆಫ್ ಮಾಡಿದರೂ ಮಾಯ. ಇಬ್ಬರ ಬಳಿಯೂ ಗಟ್ಟಿ ಸಾಕ್ಷಿ. ಇನ್ನು ಸೋಲೊಪ್ಪುವವರು ಯಾರು! ತಮ್ಮ ಮಾತ್ರ ಒಳಗೊಳಗೇ ಸೊರಗಿದ. ಆಗಾಗ ಅಣ್ಣನ ಚಾನೆಲ್ಲಿಗೆ ಹೋಗಿ ಕರೆಯುತ್ತಿದ್ದ. ಉತ್ತರವಿಲ್ಲ. ಈ ಗದ್ದಲದಲ್ಲಿ ಕೇಳಿಸಬೇಕಲ್ಲ ಪಾಪ, ಎಂದು ಹೆಂಡತಿಯ ಮುಂದೆ ಅಣ್ಣನ ಪರ ವಹಿಸುತ್ತಿದ್ದ. ಗದ್ದಲ ನಿಂತರೆ ಅಣ್ಣ ಮಾತಾಡುತ್ತಾನೆಂಬ ಒಂದೇ ಆಸೆ ಅವನಿಗೆ.

ಎರಡೂ ಒಟ್ಟಿಗೆ ನಡೆದಾಗ ಮಾತ್ರ ಗದ್ದಲವೆಂದರೆ ಕಳ್ಳ ಮೂರನೆಯವನು, ಟವರಿನದೇ ಯಾವುದೋ ಕೆಟ್ಟ ಜಾಯಿಂಟು ಎಂದು ತಮ್ಮನಿಗೆ ಕೊನೆಗೂ ಹೊಳೆಯಿತು. ಅಣ್ಣನಿಗೆ ಫೋನ್ ಮಾಡಿದ. "ಅಣ್ಣ, ಇವತ್ತೊಂದಿನ ಬೈಬೇಡ. ಎರಡೂ ಆನ್ ಇರ್ಲಿ. ನಾನು ಟವರ್ ಹತ್ತಿ ಒಂದೊಂದೇ ಜಾಯಿಂಟ್ ತಟ್ತೀನಿ, ನೀನು ಸೆಟ್ ಹಿಡ್ಕೊಂಡು ಕೇಳ್ತಿರು."

ಸೊಂಟಕ್ಕೆ ಬೆಲ್ಟ್, ಕಿವಿಯಲ್ಲಿ ಫೋನು, ಕೈಯಲ್ಲಿ ಮರದ ಕೋಲು. ತಟ್ಟಿದ. "ಇಲ್ಲ," ಅಂದ ಅಣ್ಣ. ಮತ್ತೆ ತಟ್ಟಿದ. "ಊಹೂಂ. ಇನ್ನೂ ಮೇಲೆ ಹೋಗು. ಹುಷಾರು ಕಣೋ, ಗಾಳಿ ಇದೆ." ಅಷ್ಟು ಮಾತಿಗೇ ತಮ್ಮನ ಕಣ್ಣು ತುಂಬಿತು. ಯಾವುದೋ ಕಾಲದಲ್ಲಿ ಆಂಟೆನಾ ಬಿಗಿದಿದ್ದ ಅನಾಥ ಕ್ಲಾಂಪಿಗೆ ಕೋಲು ತಾಗಿದ್ದೇ ತಡ, "ಅಲ್ಲೇ! ಅಲ್ಲೇ! ಚರಚರ ಅಂತು!" ಎಂದು ಅಣ್ಣ ಕಿರುಚಿದ. ತುಕ್ಕು ಹಿಡಿದ ಆ ಜಾಯಿಂಟೇ ಇಬ್ಬರ ಸಿಗ್ನಲ್ಲನ್ನೂ ಕಲಸಿ ಗದ್ದಲ ಹುಟ್ಟಿಸುತ್ತಿತ್ತು. ಕ್ಲಾಂಪನ್ನು ಕಿತ್ತು ಚೀಲಕ್ಕೆ ಹಾಕಿದ.

"ನಿಂತೇಹೋಯ್ತು ಕಣೋ!"

"ಇಬ್ಬರದೂ ತಪ್ಪಿರ್ಲಿಲ್ಲ ಅಣ್ಣ."

"ಸರಿ, ಇಳಿ," ಎಂದು ಅಣ್ಣ ಫೋನ್ ಇಟ್ಟುಬಿಟ್ಟ.

ಆಮೇಲೆ ಫೋನೇ ಬರಲಿಲ್ಲ. ಬೈಯುವುದಕ್ಕೆ ಕಾರಣವಾದರೂ ಎಲ್ಲಿತ್ತು? ಕಾದು ಕಾದು ಒಂದು ಸಂಜೆ ತಮ್ಮನೇ ಅಣ್ಣನ ಚಾನೆಲ್ ಹಾಕಿದ. ಅಣ್ಣ ಯಾರೋ ಡಾಕ್ಟರ ಜೊತೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ. ನಡುವೆ ಒಂದು ಬಿಡುವು ಸಿಕ್ಕಿತು. ತಮ್ಮ ಬಟನ್ ಒತ್ತಿ, "ಅಣ್ಣ, ಆರಾಮಾ? ಒಂದ್ಸಲ ಮನೆ ಕಡೆ ಬರಬಾರ್ದಾ?" ಎಂದ.

ನಗು ನಿಂತಿತು. "ಡಾಕ್ಟ್ರೇ, ಸ್ವಲ್ಪ ಕೆಲಸ ಇದೆ, ಬರ್ತೀನಿ," ಎಂದು ಅಣ್ಣ ಸೆಟ್ ಆಫ್ ಮಾಡಿದ.

ತಮ್ಮ ತನ್ನ ಸೆಟ್ಟನ್ನು ಮೇಜಿನ ಮೇಲಿಟ್ಟ. ಅಡುಗೆಮನೆಯಿಂದ ಹೆಂಡತಿ, "ಭಾವನವ್ರಿಗೆ ಕೇಳಿಸ್ತಾ?" ಎಂದಳು.

"ಕೇಳಿಸ್ತು," ಎಂದ.